ಬಂಡೆಪ್ಪನ ಹಗ್ಗದ ಮಾತು

ನನ್ನ ಗಂಡ ಬಂಡೆಪ್ಪ ಬಾವಿಯ ಹೂಳು ತೆಗೆಯುತ್ತಿದ್ದರು. ಹುಮನಾಬಾದ, ಬಸವಕಲ್ಯಾಣ ಸುತ್ತಿನ ಹಳೇ ಬಾವಿಗಳಲ್ಲಿ ಅವರು ಇಳಿಯದ ಬಾವಿ ಕಡಿಮೆ. ಅವರು ಕೆಳಗೆ, ನಾನು ಮೇಲೆ, ನಡುವೆ ಹಗ್ಗ. ನಮ್ಮ ಸಂಸಾರದ ಹೆಚ್ಚಿನ ಮಾತು ಆ ಹಗ್ಗದಲ್ಲೇ ಆಯಿತು. ಅವರು ಹೋದ ಮೇಲೆ ಆ ಮಾತು ಬಲ್ಲವರು ಇಬ್ಬರೇ ಉಳಿದೆವು. ಒಬ್ಬರು ಸಿರಾಜುದ್ದೀನ್ ಭಾಯಿ, ಇನ್ನೊಬ್ಬಳು ನಾನು. ಭಾಯಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ನನಗೆ ನಾಲ್ಕನೇ ಇಯತ್ತೆಯಷ್ಟು ಬರುತ್ತದೆ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಬಾವಿಯೊಳಗೆ ಬಾಯಿಮಾತು ನಡೆಯುವುದಿಲ್ಲ. ಕೆಳಗಿನಿಂದ ಕೂಗಿದರೆ ಕಲ್ಲಿನ ಗೋಡೆಗೆ ಬಡಿದು ಬರೀ ಗುಂಯ್ ಎಂದು ಮೇಲೆ ಬರುತ್ತದೆ. ಸಿಟ್ಟೋ ನಗುವೋ ತಿಳಿಯುವುದಿಲ್ಲ. ಮೊಬೈಲೂ ಅಲ್ಲಿ ಸತ್ತಂತೆಯೇ. ಸಿರಾಜ್ ಭಾಯಿಯ ಚಿಕ್ಕಪ್ಪ ಒಬ್ಬರು ಹಿಂದೆ ಇದೇ ಕೆಲಸದಲ್ಲಿ ತೀರಿಕೊಂಡರು. ಕೆಳಗಿನ ಗುಂಯ್ ಕೇಳಿ ಮೇಲಿನವರು ಗಾಬರಿಬಿದ್ದು, ಚಿಕ್ಕಪ್ಪ ಕೇಳದಿದ್ದರೂ ಅವರನ್ನು ಎಳೆದುಬಿಟ್ಟರು. ಚಿಕ್ಕಪ್ಪ ಆಗ ಒಂದು ಕಾಲು ಕಲ್ಲಿನ ಮೇಲಿಟ್ಟು ಬಗ್ಗಿ ನಿಂತಿದ್ದರು. ಕಾಲು ತಪ್ಪಿತು, ತಲೆ ಗೋಡೆಗೆ ಬಡಿಯಿತು. ಕೆಳಗೆ ಇದ್ದಿದ್ದರೆ ಬದುಕುತ್ತಿದ್ದರು.

ಆ ಸಾವಾದ ಮೇಲೆ ನಮ್ಮವರು ಮತ್ತು ಭಾಯಿ ಕೂತು ಹಗ್ಗದ ಮಾತು ಕಟ್ಟಿದರು. ಇಬ್ಬರಿಗೂ ಆಗ ಮೀಸೆ ಸರಿಯಾಗಿ ಮೂಡಿರಲಿಲ್ಲವಂತೆ. ಮೊದಲ ಕಾಯಿದೆ ಅದೇ ಆಯಿತು. ಕೆಳಗಿದ್ದವನು ಕೇಳದೆ ಮೇಲಿದ್ದವನು ಅವನನ್ನು ಎಳೆಯಬಾರದು.

ಮಾತು ಹೇಗಿತ್ತು ಎಂದು ಹೇಳುತ್ತೇನೆ. ಸೊಂಟಕ್ಕೂ ಹೆಗಲಿಗೂ ಸುತ್ತಿ ಕಟ್ಟಿದ ಹಗ್ಗ. ಮಾತಿಗೂ ಅದೇ, ಜೀವಕ್ಕೂ ಅದೇ. ಪುಂಡಿ ನಾರಿನಿಂದ ಹೊಸೆದದ್ದು. ಪ್ಲಾಸ್ಟಿಕ್ ಹಗ್ಗ ಹಿಗ್ಗುತ್ತದೆ, ಮಾತು ನುಂಗುತ್ತದೆ. ಒಂದು ಸಣ್ಣ ಎಳೆತ ಅಂದರೆ ಬುಟ್ಟಿ. ಎರಡು ಅಂದರೆ ಕಲ್ಲು. ಮೂರು ಅಂದರೆ ನೀರು. ಒಂದೇ ಉದ್ದನೆಯ ನಿಧಾನ ಎಳೆತ ಅಂದರೆ ನಾನು. ಇವು ಹೆಸರುಗಳು. ಹೆಸರು ಮುಗಿದ ಮೇಲೆ ಒಂದು ಉಸಿರು ಬಿಡುವು. ಆಮೇಲೆ ಗುಣ.

ಗುಣಕ್ಕೆ ಎಳೆತ ಇಲ್ಲ. ಅದನ್ನು ಹಗ್ಗಕ್ಕೇ ಮಾಡಿಸಿ ತೋರಿಸಬೇಕು. ಹಗ್ಗ ನಡುಗಿಸಿದರೆ ಸಡಿಲ. ಗುಂಡಗೆ ತಿರುಗಿಸಿದರೆ ರಾಡಿ. ಬಿಗಿಯಾಗಿ ಜಗ್ಗಿ ಹಾಗೇ ಹಿಡಿದರೆ ಭಾರ. ಸಡಿಲ ಎಂದು ಹೇಳಿದ ಹಾಗಲ್ಲ ಅದು. ಸಡಿಲವೇ ಮೇಲೆ ಬಂದು ಕೈ ಮುಟ್ಟುತ್ತದೆ. ತುಂಬಾ ಸಡಿಲ ಅನ್ನಬೇಕಾದರೆ ಎರಡು ಸಲ ನಡುಗಿಸುತ್ತಿದ್ದರು. ಮೂರನೇ ಸಲ ಇರಲಿಲ್ಲ. ಮೂರನೇ ಸಲ ನಡುಗಿಸಲು ಪುರಸೊತ್ತಿದ್ದರೆ ಅದು ಅಷ್ಟು ಸಡಿಲ ಅಲ್ಲ ಅನ್ನುತ್ತಿದ್ದರು ನಮ್ಮವರು.

ನಾವು ಬಾಯಲ್ಲಿ ಸಡಿಲ ಕಲ್ಲು ಅನ್ನುತ್ತೇವೆ, ಗುಣ ಮೊದಲು. ಹಗ್ಗದಲ್ಲಿ ಕಲ್ಲು ಮೊದಲು, ಸಡಿಲ ಆಮೇಲೆ. ಯಾಕೆ ಹಾಗೆ ಎಂದು ನಾನು ಕೇಳಿದ್ದೆ. ಸಡಿಲ ಅನ್ನುವುದು ಮೊದಲು ಬಂದರೆ ಏನು ಸಡಿಲ ಎಂದು ತಿಳಿಯುವುದರೊಳಗೆ ಮೇಲಿನವರ ಎದೆ ಒಡೆಯುತ್ತದೆ, ಅದಕ್ಕೆ ಎಂದರು. ನನಗೆ ಅದೂ ಸಮಾಧಾನ ಆಗಲಿಲ್ಲ. ಹೆಸರು ಬಂದು ಗುಣ ಬರುವವರೆಗಿನ ಆ ಒಂದು ಉಸಿರಿನಲ್ಲೇ ನನ್ನ ಎದೆ ಒಡೆಯುತ್ತಿತ್ತು.

ಛಲೋ ಅನ್ನುವ ಗುಣ ಹಗ್ಗದಲ್ಲಿ ಇರಲಿಲ್ಲ. ಹೆಸರು ಬಂದು ಸುಮ್ಮನಾದರೆ ಅದು ಸರಿ ಇದೆ ಎಂದೇ ಲೆಕ್ಕ. ನಮ್ಮವರ ಬಾಯಿಮಾತೂ ಹಾಗೇ ಆಗಿಬಿಟ್ಟಿತ್ತು. ನನ್ನನ್ನು ನೋಡಲು ಬಂದು ಹೋದ ಮೇಲೆ ಹುಡುಗಿ ಹೇಗೆ ಎಂದು ಅವರವ್ವ ಕೇಳಿದ್ದಕ್ಕೆ ಏನೂ ಹೇಳಲಿಲ್ಲವಂತೆ. ಮದುವೆಯಾದ ಮೇಲೆ ನಾನು ಅದನ್ನೇ ಎತ್ತಿ ಜಗಳಾಡಿದೆ.

“ಚಂದ ಅದಾಳ ಅಂತ ಒಂದ್ ಮಾತರ ಅನ್ನಬಾರದೇನ್ರಿ?”

“ಏನೂ ಅನಲಿಲ್ಲಂದ್ರ ಛಲೋ ಅದ ಅಂತನೇ ಅಲ್ಲೇನ,” ಎಂದರು.

ಇನ್ನೊಂದು ಕಾಯಿದೆ ಇತ್ತು. ಇದು ಮುಖ್ಯ. ಕೆಳಗಿನಿಂದ ಗುಣ ಬಂದರೆ ಮೇಲಿನವರು ಆ ಗುಣವನ್ನು ವಾಪಸ್ ಕೊಡಬೇಕು. ಹೆಸರು ಬೇಡ, ಗುಣ ಮಾತ್ರ. ಕಲ್ಲು, ಸಡಿಲ ಎಂದು ಬಂದರೆ ನಾನು ಮೇಲಿನಿಂದ ನಡುಗಿಸಬೇಕು. ಅದು ಕೈಗೆ ಬರುವವರೆಗೆ ಅವರು ಆ ಕಲ್ಲು ಮುಟ್ಟುತ್ತಿರಲಿಲ್ಲ. ನಾನು ನೀರು ಕುಡಿದು ಬರುವವರೆಗೂ ಹಾಗೇ ನಿಂತಿರುತ್ತಿದ್ದರು. ತಡವಾಗಿ ಕೊಟ್ಟರೆ ಬೈಯುತ್ತಿರಲಿಲ್ಲ. ಆದರೆ ಕೊಡದೇ ಹೋದರೆ ಅಲುಗುತ್ತಿರಲಿಲ್ಲ.

ಮನುಷ್ಯನಿಗೆ ಅಂತ ಒಂದೇ ಗುಣ ಇಟ್ಟಿದ್ದರು. ನಾನು, ಭಾರ. ಅಂದರೆ ನನ್ನನ್ನು ಮೇಲೆ ಎಳೆಯಿರಿ. ಅದು ವಾಪಸ್ ಹೋದ ಕೂಡಲೇ ಕೆಳಗಿದ್ದವನು ಎರಡೂ ಕೈ ತಲೆಯ ಮೇಲೆ ಎತ್ತಿ ಹಗ್ಗ ಹಿಡಿಯಬೇಕು. ಗದ್ದ ಎದೆಗೆ ಒತ್ತಬೇಕು. ಕಾಲು ನೆಟ್ಟಗೆ ಮಾಡಿ ಅಂಗಾಲು ಗೋಡೆಗೆ ಕೊಡಬೇಕು. ಆಗ ಎಳೆದರೆ ತಲೆ ಬಡಿಯುವುದಿಲ್ಲ. ಚಿಕ್ಕಪ್ಪನ ಸಾವಿನಿಂದ ಕಲಿತದ್ದು ಅದು.

ಮನುಷ್ಯನಿಗೆ ಬೇರೆ ಗುಣ ಇಲ್ಲವೇನು ಎಂದು ಸಿರಾಜ್ ಭಾಯಿಯ ಹೆಂಡತಿ ಮುನ್ನಿ ಬೀ ಒಮ್ಮೆ ಕೇಳಿದಳು. ಬಾವಿಯಲ್ಲಿ ಇಲ್ಲ ಎಂದರು ನಮ್ಮವರು. ಅವರು ಬಾವಿಯಲ್ಲಿ ಒಂದು ಸಲವೂ ನಾನು ಭಾರ ಎಂದು ಹೇಳಿದವರಲ್ಲ. ಒಂದು ಬಾವಿ ಬಿಟ್ಟರೆ ಇಳಿದ ಬಾವಿಯನ್ನೆಲ್ಲ ತಾವೇ ಹತ್ತಿ ಬಂದರು.

ಮೊದಲು ಹಗ್ಗ ಹಿಡಿಯುತ್ತಿದ್ದವರು ಭಾಯಿ. ಅವರ ಮನೆ ಬಸವಕಲ್ಯಾಣದ ಕಿಲ್ಲೆಯ ಹತ್ತಿರ. ನಮ್ಮದು ಹುಮನಾಬಾದ. ಕೆಲಸ ಇದ್ದ ದಿನ ಹೆದ್ದಾರಿಯ ಬಂಗ್ಲಾ ಕೂಡುರಸ್ತೆಯಲ್ಲಿ ಇಬ್ಬರೂ ಸೇರಿ ಹೋಗುತ್ತಿದ್ದರು. ಭಾಯಿಯ ಬಲ ಹೆಗಲು ಕೆಟ್ಟಿತು. ಕೈ ಎತ್ತಲು ಆಗದಂತಾಯಿತು. ಹೊಸಬರಿಗೆ ಹಗ್ಗ ಕೊಡಲು ನಮ್ಮವರಿಗೆ ಮನಸ್ಸಿಲ್ಲ. ನಾನು ಕಲಿಯುತ್ತೇನೆ ಎಂದೆ. ಮನೆಯಲ್ಲಿ ಕೂತು ಹೆದರುವುದಕ್ಕಿಂತ ಬಾವಿಯ ದಂಡೆಯಲ್ಲಿ ನಿಂತು ಹೆದರುವುದು ಲೇಸು ಎಂದುಕೊಂಡಿದ್ದೆ.

ಅಂಗಳದಲ್ಲಿ ಕಲಿತೆ. ಅವರು ಅಡುಗೆ ಕೋಣೆಯಲ್ಲಿ, ನಾನು ಹೊರಗೆ ಬೇವಿನ ಗಿಡದ ಕೆಳಗೆ, ಹಗ್ಗ ಬಾಗಿಲಿನ ಚಿಲಕದ ಮೇಲೆ. ಒಂದು ದಿನ ಎರಡು ಎಳೆತ ಬಂತು. ಕಲ್ಲು. ಬಿಡುವು. ಆಮೇಲೆ ಜಗ್ಗಿ ಹಿಡಿದರು. ಭಾರ. ಬಿಟ್ಟು ಮತ್ತೆ ಜಗ್ಗಿದರು. ತುಂಬಾ ಭಾರ. ನಾನು ವಾಪಸ್ ಕೊಟ್ಟೆ. ಒಳಗೆ ನಗು ಕೇಳಿಸಿತು. ಹೋಗಿ ನೋಡಿದರೆ ನಾನು ಬಡಿದ ರೊಟ್ಟಿ ಕೈಯಲ್ಲಿ ಹಿಡಿದು ಕೂತಿದ್ದರು.

“ನೀನೇ ಒಪ್ಪಿದಿ ನೋಡು, ಗುಣ ವಾಪಸ್ ಕೊಟ್ಟಿ,” ಎಂದರು.

“ನಾಳಿಂದ ನೀವೇ ಬಡೀರಿ. ನಾ ಹೊರಗ ಕೂತು ಸಡಿಲ ಅಂತೀನಿ.”

ಮುನ್ನಿ ಬೀ ಊರಿಂದ ಬಂದವಳು ಇದನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು. ಎಲ್ಲರೂ ಗಂಡನನ್ನು ಮಾತಿನಲ್ಲಿ ಕಟ್ಟಿ ಇಡುತ್ತಾರೆ, ಶಕುಂತಲಾಬಾಯಿ ಹಗ್ಗದಲ್ಲೇ ಕಟ್ಟಿಟ್ಟಿದ್ದಾಳೆ ಎಂದು ಓಣಿಯಲ್ಲೆಲ್ಲ ಹೇಳಿ ಬಂದಳು.

ನಗು ಅಂಗಳದಲ್ಲಿ ಮಾತ್ರ. ಬಾವಿಯ ಹತ್ತಿರ ಹೋದರೆ ಅವರ ಸೊಂಟದ ಗಂಟು ಮತ್ತೆ ಮತ್ತೆ ಜಗ್ಗಿ ನೋಡುತ್ತಿದ್ದೆ. ಅವರ ತಲೆ ಕಾಣುವವರೆಗೆ ನೋಡುತ್ತಿದ್ದೆ. ಆಮೇಲೆ ಕತ್ತಲೆ. ಆಮೇಲೆ ಬರೀ ಕೈ. ಭಾಯಿಯೂ ಬರುತ್ತಿದ್ದರು, ಕೈಲಾಗದಿದ್ದರೂ ದಂಡೆಯ ಮೇಲೆ ಕೂತಿರುತ್ತಿದ್ದರು. ಹೆದರಿದರೆ ಹಗ್ಗ ಹೆದರಿಕೆಯನ್ನೂ ಕೆಳಗೆ ಒಯ್ಯುತ್ತದೆ ಎಂದು ಹೇಳಿಕೊಟ್ಟವರು ಅವರು. ಅದಕ್ಕೆ ನಾನು ಹಲ್ಲು ಕಚ್ಚಿ ಕೈ ಮಾತ್ರ ಗಟ್ಟಿ ಇಟ್ಟುಕೊಳ್ಳುತ್ತಿದ್ದೆ.

ಇನ್ನು ಮೋರಖಂಡಿಯ ಬಾವಿಯ ವಿಷಯ.

ಬೇಸಿಗೆ. ಮಹಾರುದ್ರಪ್ಪ ಅನ್ನುವ ಹೊಲದ ಧಣಿ ಕರೆಸಿದ್ದರು. ಅವರಪ್ಪನ ಕಾಲದ ಬಾವಿ, ಕಲ್ಲು ಕಟ್ಟಿದ್ದು, ನಡುವೆ ಒಂದು ಕಟ್ಟೆ, ಅದರ ಕೆಳಗೆ ಹೂಳು. ಒಳ್ಳೆಯ ಮನುಷ್ಯ. ನಮಗಾಗಿ ಗಿಡದ ಕೆಳಗೆ ಹಾಸಿಗೆ ಹಾಸಿ, ಮಜ್ಜಿಗೆ ಇಟ್ಟಿದ್ದರು. ಬುಟ್ಟಿಯ ಹಗ್ಗ ಬೇರೆ, ಅದನ್ನು ಎಳೆಯಲು ಗಡಗಡಿ ಹತ್ತಿರ ನಾಲ್ಕು ಆಳು ನಿಲ್ಲಿಸಿದ್ದರು. ಪಕ್ಕದ ಹೊಲದಲ್ಲಿ ಕಬ್ಬಿನ ಒಣ ಸೋಗೆ, ರವದಿ ಸುಡುತ್ತಿದ್ದರು. ಎಲ್ಲಾ ಕಡೆ ಹೊಗೆಯ ವಾಸನೆ, ಬಾವಿಯೊಳಗಿನದು ಬೇರೆ ಎಂದು ತಿಳಿಯುವಂತಿರಲಿಲ್ಲ.

ನಮ್ಮವರು ಇಳಿಯುವ ಮುಂಚೆ ಯಾವಾಗಲೂ ಒಂದು ಮಾತು ಕೇಳುತ್ತಿದ್ದರು. ಅವತ್ತೂ ಕೇಳಿದರು. ಒಳಗೆ ಇಂಜಿನ್ ಹಚ್ಚಿದ್ದಿರೇನು ಎಂದು. ಇಲ್ಲ ಎಂದರು ಧಣಿ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ದೀಪ ಇಳಿಬಿಟ್ಟೆವು. ಹಳೇ ಬಾವಿಯ ಕೆಟ್ಟ ಗಾಳಿಗೆ ದೀಪ ಆರುತ್ತದೆ, ದೀಪ ಆರದಿದ್ದರೆ ಇಳಿಯಬಹುದು. ನಮ್ಮ ಕಡೆ ಹೂಳು ತೆಗೆಯುವವರೆಲ್ಲ ನಂಬಿದ್ದು ಇದನ್ನೇ. ದೀಪ ಕೆಳಗೆ ಹೋಗಿ ಹಾಗೇ ಉರಿಯಿತು. ಬೇವಿನ ಟೊಂಗೆ ಇಳಿಬಿಟ್ಟು ಗಾಳಿ ಕಲಕುವುದೂ ಇತ್ತು. ದೀಪ ಚೆನ್ನಾಗಿ ಉರಿಯುತ್ತಿದೆ ಎಂದು ಅದನ್ನು ಸ್ವಲ್ಪವೇ ಮಾಡಿದರು.

ಇಳಿದರು. ಉದ್ದನೆಯ ಎಳೆತ ಬಂತು. ನಾನು. ಒಂದು ಉಸಿರು ಕಾದೆ. ಗುಣ ಬರಲಿಲ್ಲ. ಸರಿ ಇದ್ದಾರೆ. ಕೆಲಸ ಶುರುವಾಯಿತು. ಬುಟ್ಟಿ, ಭಾರ. ವಾಪಸ್ ಕೊಟ್ಟೆ. ಆಳುಗಳು ಎಳೆದರು. ಕಪ್ಪು ರಾಡಿ, ಒಡೆದ ಕೊಡ, ಒಂದು ಹಿತ್ತಾಳೆ ತಂಬಿಗೆ ಬಂತು. ತಂಬಿಗೆ ನೋಡಿ ಧಣಿ ತಮ್ಮ ಅವ್ವನದು ಎಂದು ಕಣ್ಣಿಗೆ ಒತ್ತಿಕೊಂಡರು. ಮತ್ತೆ ಬುಟ್ಟಿ, ಭಾರ. ಮತ್ತೆ ಬುಟ್ಟಿ, ಭಾರ.

ಆಮೇಲೆ ಮೂರು ಎಳೆತ. ನೀರು. ಬಿಡುವು. ಹಗ್ಗ ನಡುಗಿತು.

ನೀರಿಗೆ ಸಡಿಲ ಅನ್ನುವುದಿಲ್ಲ. ನೀರಿಗೆ ರಾಡಿ ಅನ್ನಬೇಕು. ನಾನು ವಾಪಸ್ ಕೊಡಲಿಲ್ಲ. ಕಾದೆ. ಅವರೂ ಕಾಯಬೇಕಾಗಿತ್ತು. ಕಾಯಲಿಲ್ಲ. ವಾಪಸ್ ಬರುವ ಮೊದಲೇ ಒಂದು ಎಳೆತ ಬಂತು, ಬುಟ್ಟಿ. ಬಿಡುವೇ ಇಲ್ಲದೆ ಹಗ್ಗ ಗುಂಡಗೆ ತಿರುಗಿತು, ರಾಡಿ. ಅವರು ಎಂದೂ ಬಿಡುವು ನುಂಗಿದವರಲ್ಲ.

ಭಾಯಿಗೆ ಹೇಳಿದೆ. ಅವರು ಎದ್ದು ಬಂದು ಎಡಗೈ ಹಗ್ಗದ ಮೇಲೆ ಇಟ್ಟರು. ಆಗ ಉದ್ದನೆಯ ಎಳೆತ ಬಂತು. ನಾನು. ಇಬ್ಬರೂ ಉಸಿರು ಹಿಡಿದೆವು. ಗುಣ ಬರಲಿಲ್ಲ. ಮತ್ತೆ ಉದ್ದನೆಯದು. ನಾನು. ಗುಣ ಇಲ್ಲ. ಮತ್ತೆ ನಾನು. ಪ್ರತಿ ಸಲ ಮೊದಲಿಗಿಂತ ಮೆತ್ತಗೆ.

ಕೂಗಿದೆವು. ಗುಂಯ್ ಅಂದಿತು, ಅದು ನಮ್ಮದೇ ದನಿ.

ಆಗ ಧಣಿಯ ಮಗ ವೀರಭದ್ರ ಮೋಟಾರ್ ಸೈಕಲ್ ಮೇಲೆ ಬಂದ. ಆಳುಗಳಿಗೆ ಚಹಾ ತಂದಿದ್ದ. ಹೂಳು ಎಷ್ಟು ಬಂತು ಎಂದು ಕೇಳಿದ. ನಿಮಗೆ ಹಗುರ ಆಗಲಿ ಎಂದು ತಾನೇ ನಸುಕಿನಲ್ಲಿ ಡೀಸೆಲ್ ಇಂಜಿನ್ ಒಳಗಿನ ಕಟ್ಟೆಯ ಮೇಲೆ ಇಳಿಸಿ ನೀರೆಲ್ಲ ಹೊರಗೆ ಹಾಕಿದ್ದೆ, ಮತ್ತೆ ಮೇಲೆ ಎತ್ತಿ ಒಯ್ದಿದ್ದೆ ಎಂದ. ಉಪಕಾರ ಮಾಡಿದ ಖುಷಿಯಲ್ಲಿ ಹೇಳಿದ. ಅವರಪ್ಪ ಅವನ ಮುಖ ನೋಡಿದರು. ಹುಡುಗನ ಕೈಯಲ್ಲಿದ್ದ ಚಹಾದ ಕೆಟಲಿ ಓರೆಯಾಗಿ ಸುರಿಯತೊಡಗಿತು.

ಇಂಜಿನ್ ಹೊಗೆಗೆ ದೀಪ ಆರುವುದಿಲ್ಲ. ಇದನ್ನು ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದರು. ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯನ ತಲೆ ಮೊದಲು ಕೆಡುತ್ತದೆ. ನಮಗೆ ಗೊತ್ತಿರಲಿಲ್ಲ. ಬಾವಿಯ ದಂಡೆಯಲ್ಲಿ ನಿಂತಿದ್ದ ಯಾರಿಗೂ ಗೊತ್ತಿರಲಿಲ್ಲ. ಆದರೆ ಇಂಜಿನ್ ಹೊಗೆ ನಿಂತ ಬಾವಿ ಕೊಲ್ಲುತ್ತದೆ ಎಂಬಷ್ಟು ಭಾಯಿಗೆ ಗೊತ್ತಿತ್ತು.

ಆಳುಗಳು ನನ್ನ ಹಗ್ಗಕ್ಕೆ ಕೈ ಹಾಕಿದರು. ಎಳೆದುಬಿಡೋಣ ಎಂದರು. ಭಾಯಿ ಅಡ್ಡ ನಿಂತರು.

“ಹಂಗ ಎಳೀಬ್ಯಾಡ್ರಿ. ಬಂಡು ಹ್ಯಾಂಗ ನಿಂತಾನ ಗೊತ್ತಿಲ್ಲ. ನಮ್ಮ ಚಾಚಾ ಹಂಗೇ ಹೋದ.”

“ಮತ್ತ ಬಿಟ್ರ ಅಲ್ಲೇ ಹೋಗ್ತಾನಲ್ರಿ,” ಎಂದ ಒಬ್ಬ ಆಳು.

ಎರಡೂ ನಿಜ. ಎಳೆದರೆ ತಲೆ ಬಡಿಯುತ್ತದೆ, ಬಿಟ್ಟರೆ ಹೊಗೆ ತಿನ್ನುತ್ತದೆ. ಎಲ್ಲರೂ ನನ್ನ ಕಡೆ ನೋಡಿದರು. ಹಗ್ಗ ನನ್ನ ಕೈಯಲ್ಲಿತ್ತು. ನನಗೆ ಉಚ್ಚೆ ಹೋಗುವಷ್ಟು ಹೆದರಿಕೆ. ಹೆದರಿಕೆ ಕೆಳಗೆ ಹೋಗಬಾರದು ಎಂದು ಭಾಯಿ ಹೇಳಿದ್ದು ನೆನಪಿತ್ತು.

ಮೇಲಿನವರು ಗುಣ ಹುಟ್ಟಿಸಬಾರದು. ಕೆಳಗಿನಿಂದ ಬಂದದ್ದನ್ನು ವಾಪಸ್ ಕೊಡಬೇಕು ಅಷ್ಟೇ. ಯಾಕೆಂದರೆ ಮೇಲಿದ್ದವರಿಗೆ ಕೆಳಗಿನದು ಕಾಣುವುದಿಲ್ಲ. ನಾನು ಆ ಕಾಯಿದೆ ಮುರಿದೆ. ಹಗ್ಗ ಬಿಗಿ ಮಾಡಿದೆ. ಅವರ ಕಾಲು ಕೀಳದಷ್ಟು, ಸೊಂಟಕ್ಕೆ ತಿಳಿಯುವಷ್ಟು. ಹಾಗೇ ಹಿಡಿದೆ. ಭಾರ.

ಬಿಟ್ಟೆ. ಏನೂ ಬರಲಿಲ್ಲ.

ಮತ್ತೆ ಹಿಡಿದೆ. ಭಾರ.

ಅವರಿಗೆ ಆಗ ತಮ್ಮ ಹೆಸರೂ ನೆನಪಿರಲಿಲ್ಲವೇನೋ. ಆದರೆ ಗುಣ ಬಂದರೆ ಗುಣ ವಾಪಸ್ ಹೋಗಬೇಕು ಎನ್ನುವುದು ಅವರ ಕೈಯಲ್ಲೇ ಕೂತಿತ್ತು. ಊಟ ಮಾಡುವಾಗ ಬಾಯಿ ತೆರೆದ ಹಾಗೆ. ಹಗ್ಗ ಕೆಳಗಿನಿಂದ ಬಿಗಿಯಾಯಿತು. ನಿಧಾನ, ಆದರೆ ಬಿಗಿ. ನಿಂತಿತು.

“ವಾಪಸ್ ಕೊಟ್ಟ,” ಎಂದರು ಭಾಯಿ. “ಈಗ ಕೈ ಎತ್ತಿರ್ತಾನ. ಎಳೀರಿ. ಮೆತ್ತಗ, ಒಂದೇ ಸಮ.”

ಎಳೆದರು. ಧಣಿಯೂ ಎಳೆದರು, ಅವರ ಮಗನೂ ಎಳೆದ. ನಾನು ಮುಂದೆ ಹಗ್ಗದ ಮೇಲೆ ಕೈಯಿಟ್ಟು ಬರುತ್ತಿದ್ದ ಭಾರ ನೋಡುತ್ತಿದ್ದೆ. ಗೋಡೆಗೆ ಬಡಿದರೆ ಹಗ್ಗ ಕುಣಿಯುತ್ತದೆ. ಕುಣಿಯಲಿಲ್ಲ. ಕತ್ತಲೆಯಿಂದ ಮೊದಲು ಎರಡು ಮುಷ್ಟಿ ಬಂದವು, ಹಗ್ಗ ಹಿಡಿದಿದ್ದವು. ಆಮೇಲೆ ಎದೆಗೆ ಒತ್ತಿದ ಗದ್ದ. ಕಣ್ಣು ಮುಚ್ಚಿದ್ದವು. ಮುಖ ಕೆಂಪಗೆ, ಆರೋಗ್ಯವಂತರ ಮುಖದ ಹಾಗೆ. ಅದು ಆ ಹೊಗೆ ಹಚ್ಚುವ ಬಣ್ಣವಂತೆ, ನಾನು ಇನ್ನೂ ಆ ಕೆಂಪಿಗೆ ಹೆದರುತ್ತೇನೆ. ಮುಷ್ಟಿ ಬಿಡಿಸಲು ಇಬ್ಬರು ಬೇಕಾಯಿತು.

ಬದುಕಿದರು. ವೀರಭದ್ರನೇ ಜೀಪಿನಲ್ಲಿ ಒಯ್ದ. ದಾರಿಯುದ್ದಕ್ಕೂ ಅತ್ತ. ನಮ್ಮವರು ಅವನನ್ನು ಎಂದೂ ಬೈಯಲಿಲ್ಲ. ಅವನಿಗೆ ಯಾವ ಗುಣವನ್ನೂ ಅಂಟಿಸಲಿಲ್ಲ. ಹುಡುಗ ಎಂದಷ್ಟೇ ಅನ್ನುತ್ತಿದ್ದರು.

ಬಾವಿ ಅಲ್ಲಿಗೆ ಮುಗಿಯಿತು. ಕೆಲವು ದಿನ ಚೆನ್ನಾಗಿದ್ದರು. ಎದ್ದು ಓಡಾಡಿದರು, ಬಜಾರಿಗೆ ಹೋಗಿ ಎಲೆ ಅಡಿಕೆ ತಂದರು. ಗಂಡಾಂತರ ಹೋಯಿತು ಎಂದು ನಾನು ವೀರಭದ್ರೇಶ್ವರನ ಗುಡಿಗೆ ಹೋಗಿ ಕಾಯಿ ಒಡೆದು ಬಂದೆ. ಆಮೇಲೆ ಶುರುವಾಯಿತು. ಮನೆಯ ದಾರಿ ಮರೆತರು. ಕೈ ನಡುಗತೊಡಗಿತು. ನಡಿಗೆ ಸಣ್ಣ ಸಣ್ಣ ಹೆಜ್ಜೆಗೆ ಇಳಿಯಿತು. ಹೊಗೆ ತಲೆಯೊಳಗೆ ಹೊಕ್ಕರೆ ಕೆಲವರಿಗೆ ಹೀಗೆ ತಡವಾಗಿ ಆಗುತ್ತದೆ ಎಂದು ಡಾಕ್ಟರ್ ಹೇಳಿದರು. ಬಾಯಿಮಾತು ಒಂದೊಂದೇ ಹೋಯಿತು. ಗುಣಗಳು ಮೊದಲು ಹೋದವು. ಬಿಸಿ, ತಣ್ಣಗೆ, ಹುಳಿ, ಖಾರ ಇವೆಲ್ಲ ಹೋದವು. ನೀರು, ರೊಟ್ಟಿ, ಬಾಗಿಲು, ನೀನು ಉಳಿದವು. ಆಮೇಲೆ ಅವೂ ಹೋದವು.

ಒಂದು ದಿನ ನಾನು ನೆಲ ಸಾರಿಸುತ್ತಿದ್ದೆ. ನನ್ನ ಸೆರಗು ಹಿಂದಿನಿಂದ ಎಳೆದಂತಾಯಿತು. ಮೂರು ಸಲ. ತಿರುಗಿ ನೋಡಿದರೆ ಮಂಚದ ಮೇಲಿಂದ ಸೆರಗು ಹಿಡಿದಿದ್ದರು. ನೀರು. ಎದ್ದು ನೀರು ಕುಡಿಸಿದೆ. ಆಮೇಲೆ ಅಟ್ಟದಿಂದ ಪುಂಡಿ ಹಗ್ಗ ಇಳಿಸಿದೆ. ಒಂದು ತುದಿ ಅವರ ಕೈಗೆ, ಇನ್ನೊಂದು ನನ್ನ ಎಡ ಮಣಿಕಟ್ಟಿಗೆ. ಒಲೆಯ ಮುಂದೆ ಇದ್ದರೂ, ಅಂಗಳದಲ್ಲಿ ಇದ್ದರೂ ಕರೆ ಬರುತ್ತಿತ್ತು.

ಆದರೆ ಅವರ ಕೈ ಸದಾ ನಡುಗುತ್ತಿತ್ತಲ್ಲ. ಹಗ್ಗದಲ್ಲಿ ನಡುಕ ಅಂದರೆ ಸಡಿಲ. ಹಾಗಾಗಿ ಏನು ಕೇಳಿದರೂ ಅದರ ಹಿಂದೆ ಸಡಿಲ ಬರುತ್ತಿತ್ತು. ನೀರು, ಸಡಿಲ. ಬುಟ್ಟಿ, ಸಡಿಲ, ಊಟಕ್ಕೆ ಬುಟ್ಟಿ ಎಂದೇ ಕರೆಯುತ್ತಿದ್ದರು. ನಾನು, ಸಡಿಲ. ಅದು ರೋಗದ ನಡುಕ, ಅವರ ಮಾತಲ್ಲ ಎಂದು ನನಗೆ ತಿಳಿದಿತ್ತು. ತಿಳಿದರೂ ಪ್ರತಿ ಸಲ ಎದೆ ಧಸಕ್ ಎನ್ನುತ್ತಿತ್ತು. ಇಡೀ ಮನೆ ಸಡಿಲ ಆದಂತೆ, ಯಾವ ಕಲ್ಲು ಯಾವಾಗ ಬೀಳುತ್ತದೋ ಎಂಬಂತೆ ನಾನು ಓಡಾಡುತ್ತಿದ್ದೆ. ವಾಪಸ್ ಕೊಡದಿದ್ದರೆ ಅವರು ನೀರು ಕುಡಿಯುತ್ತಿರಲಿಲ್ಲ. ಲೋಟ ಬಾಯಿಗೆ ಹಿಡಿದರೂ ತುಟಿ ತೆರೆಯುತ್ತಿರಲಿಲ್ಲ. ಅದಕ್ಕೆ ನಾನೂ ನಡುಗಿಸಿ ವಾಪಸ್ ಕೊಡುತ್ತಿದ್ದೆ.

ಸಿರಾಜ್ ಭಾಯಿ, ಮುನ್ನಿ ಬೀ ಬಸವಕಲ್ಯಾಣದಿಂದ ಆಗಾಗ ಬರುತ್ತಿದ್ದರು. ಭಾಯಿ ಮಂಚದ ಹತ್ತಿರ ಕೂತು ಹಗ್ಗದ ಮೇಲೆ ಕೈ ಇಡುತ್ತಿದ್ದರು. ಇಬ್ಬರೂ ಏನೇನೋ ಹೇಳಿಕೊಳ್ಳುತ್ತಿದ್ದರು. ಮುನ್ನಿ ಬೀ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಎರಡು ಮುದಿ ಎತ್ತುಗಳು ಒಂದೇ ಹಗ್ಗ ಮೇಯುತ್ತಿವೆ ನೋಡು ಎನ್ನುತ್ತಿದ್ದಳು. ನಗಿಸಲು ಹೇಳುತ್ತಿದ್ದಳು. ನಗುತ್ತಿದ್ದೆ.

ಹೋದ ಶ್ರಾವಣದಲ್ಲಿ ಊಟ ಬಿಟ್ಟರು. ಒಂದು ದಿನ ಮಧ್ಯಾಹ್ನ ನಾನು ಹಿಟ್ಟು ಸಾಣಿಸುತ್ತಿದ್ದೆ. ಉದ್ದನೆಯ ಎಳೆತ ಬಂತು. ನಾನು. ಆಮೇಲೆ ನಡುಕ ಬರುತ್ತದೆ ಎಂದು ಕೈ ಸಿದ್ಧ ಇಟ್ಟುಕೊಂಡೆ. ಬರಲಿಲ್ಲ. ಒಂದು ಉಸಿರು ಪೂರ್ತಿ ಬಿಡುವು ಬಂತು, ಮೊದಲಿನ ಹಾಗೆ. ಆಮೇಲೆ ಹಗ್ಗ ಬಿಗಿಯಾಯಿತು. ಬಿಗಿಯಾಗಿ ನಿಂತಿತು.

ನಾನು, ಭಾರ.

ಸಾಣಿಗೆ ಕೈಯಿಂದ ಬಿತ್ತು. ಹೋಗಿ ನೋಡಿದೆ. ಕಣ್ಣು ತೆರೆದಿದ್ದವು. ಆ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ನಡುಕವೇ ಇಲ್ಲ. ನನ್ನನ್ನೇ ನೋಡುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಹೇಳಿದ್ದರು.

ನಾನು ವಾಪಸ್ ಕೊಡಲಿಲ್ಲ. ಕೊಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮಣಿಕಟ್ಟಿನಿಂದ ಹಗ್ಗ ಬಿಚ್ಚಲೂ ಇಲ್ಲ. ಹಾಗೇ ಮಂಚದ ಕಾಲಿಗೆ ಒರಗಿ ಕೂತೆ. ಅವರು ಹಿಡಿದೇ ಇದ್ದರು. ಒಲೆ ಆರಿತು. ಓಣಿಯಲ್ಲಿ ತರಕಾರಿ ಗಾಡಿಯವನು ಕೂಗಿ ಹೋದ. ಹಗ್ಗ ಸಡಿಲ ಆಗಲಿಲ್ಲ. ಎಂಥ ಮನುಷ್ಯ ಎಂದು ಸಿಟ್ಟೂ ಬಂತು. ಸಾಯುವುದಕ್ಕೂ ನನ್ನ ಒಪ್ಪಿಗೆ ಬೇಕೇ ಎಂದು ಬೈದೆ. ಕಾದರು.

ಇಳಿಹೊತ್ತಿಗೆ ಭಾಯಿ, ಮುನ್ನಿ ಬೀ ಬಂದರು. ಒಳಗೆ ಬಂದ ಭಾಯಿ ಹಗ್ಗದ ಮೇಲೆ ಎಡಗೈ ಇಟ್ಟರು.

“ಯಾವಾಗಿಂದ ಹಿಡಿದಾನ ಭಾಬಿ?”

“ಮಧ್ಯಾಹ್ನದಿಂದ.”

“ವಾಪಸ್ ಕೊಡಲಿಲ್ಲೇನು?”

“ನಂಗ ಅಂಜಿಕಿ ಆಗಾಕತ್ತದ ಭಾಯಿ. ನೀವೇ ಕೊಡ್ರಿ.”

“ಹಗ್ಗ ನಿನ್ನ ಕೈಯಾಗ ಅದ,” ಎಂದರು. “ಅಂವಾ ಕೆಳಗ ನಿಂತಾನ ಭಾಬಿ. ಕಾಲು ಸೋತಿರ್ತಾವ.”

ಮುನ್ನಿ ಬೀ ನನ್ನ ಬೆನ್ನಿನ ಮೇಲೆ ಕೈ ಇಟ್ಟಳು.

ನಾನು ಎದ್ದು ನಿಂತೆ. ಬಾವಿಯ ದಂಡೆಯಲ್ಲಿ ನಿಲ್ಲುತ್ತಿದ್ದ ಹಾಗೆ ಕಾಲು ಅಗಲ ಮಾಡಿ ನಿಂತೆ. ನನ್ನ ಕೈ ನಡುಗುತ್ತಿತ್ತು. ಆ ನಡುಕ ಹೋದರೆ ಅವರಿಗೆ ಸಡಿಲ ಎಂದು ತಿಳಿಯುತ್ತದೆ. ಅದಕ್ಕೆ ಕೈ ನಿಲ್ಲುವವರೆಗೆ ಕಾದೆ. ಆಮೇಲೆ ಹಗ್ಗ ಬಿಗಿ ಮಾಡಿ ಹಿಡಿದೆ.

ಅವರು ಬಿಟ್ಟರು. ಎರಡೂ ಕೈ ಎದೆಯ ಮೇಲಿನಿಂದ ನಿಧಾನಕ್ಕೆ ತಲೆಯ ಕಡೆ ಹೋದವು. ಅರ್ಧಕ್ಕೆ ನಿಂತವು. ಭಾಯಿ ಹಿಡಿದು ಮೇಲೆ ಇಟ್ಟರು. ಗದ್ದ ಎದೆಗೆ ಬಂತು. ಮಡಚಿದ್ದ ಕಾಲು ನೆಟ್ಟಗಾದವು. ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಉಸಿರು ನಿಂತಿತು. ಹೋಗಿ ಬರುವ ಉಸಿರಿನ ನಡುವೆ ಬಿಡುವು ಉದ್ದವಾಗುತ್ತಾ ಹೋಯಿತು, ಅಷ್ಟೇ. ಪ್ರತಿ ಬಿಡುವಿನಲ್ಲೂ ನಾನು ಕಾಯುತ್ತಿದ್ದೆ. ಕೊನೆಯದರಲ್ಲಿಯೂ ಕಾದೆ. ಸಾಕು ಎಂದು ಮುನ್ನಿ ಬೀ ನನ್ನ ಮಣಿಕಟ್ಟಿನ ಗಂಟು ಬಿಚ್ಚಿದಳು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಮರುದಿನ ಕೆಂಪು ಮುರಂ ನೆಲದಲ್ಲಿ ಗುಣಿ ತೋಡಿದ್ದರು. ಅದರ ದಂಡೆಗೆ ಬಂದಾಗ ನನ್ನ ಕೈ ಹಗ್ಗ ಹುಡುಕಿತು. ಅವರು ಹಗ್ಗ ಇಲ್ಲದೆ ಎಂದೂ ಇಳಿದವರಲ್ಲ. ಹಿರಿಯರನ್ನು ಕೇಳಿದೆ. ಹಗ್ಗ ಕಟ್ಟುವ ಪದ್ಧತಿ ಇಲ್ಲ ಎಂದರು. ಭಾಯಿ ಮುಂದೆ ಬಂದು, ಇದು ಪದ್ಧತಿ ಅಲ್ಲ, ಅವನ ಕಸುಬು ಎಂದರು. ಸ್ವಾಮಿಗಳು ಒಪ್ಪಿದರು. ಭಾಯಿಯೇ ಗುಣಿಯ ಬಳಿ ಬಗ್ಗಿ, ಆಗದ ಹೆಗಲಿನಿಂದಲೇ, ಸೊಂಟಕ್ಕೂ ಹೆಗಲಿಗೂ ಸುತ್ತಿ ಕಟ್ಟಿದರು. ಮೇಲಿನ ತುದಿ ತಂದು ನನ್ನ ಕೈಗೆ ಕೊಟ್ಟರು.

ಇಳಿಸಿದರು. ವಿಭೂತಿ, ಪತ್ರಿ ಹಾಕಿದರು. ಮಣ್ಣು ತುಂಬುತ್ತಾ ಬಂದಂತೆ ಹಗ್ಗ ನನ್ನ ಕೈಯಲ್ಲಿ ಬಿಗಿಯಾಗುತ್ತಾ ಬಂತು. ಮಣ್ಣು ಜಗ್ಗುತ್ತದೆ, ಅದು ನನಗೆ ತಿಳಿಯುತ್ತದೆ. ಆದರೂ ನಾನು ಅದನ್ನು ವಾಪಸ್ ಕೊಟ್ಟೆ. ಯಾರಿಗೂ ಕಾಣಲಿಲ್ಲ. ಭಾಯಿಗೆ ಕಂಡಿತು. ಅವರು ಮಣ್ಣಿನ ಮಟ್ಟಕ್ಕೆ ಹಗ್ಗ ಕೊಯ್ದರು.

ಉಳಿದ ತುಂಡು ಮನೆಯಲ್ಲಿ ಗೂಟಕ್ಕೆ ಇದೆ. ಪಕ್ಕದ ಮನೆಯವರು ಮೇಕೆ ಕಟ್ಟಲು ಕೇಳಿದರು. ಕೊಡಲಿಲ್ಲ. ಮುಸುರೆ ತಿಕ್ಕುವಾಗ, ಹಿಟ್ಟು ನಾದುವಾಗ ಈಗಲೂ ಎಡ ಮಣಿಕಟ್ಟು ಎತ್ತಿ ಇಟ್ಟುಕೊಂಡೇ ಇರುತ್ತೇನೆ, ಒದ್ದೆ ಆಗಬಾರದು ಎಂದು. ಒದ್ದೆ ಹಗ್ಗ ಸರಿಯಾಗಿ ಮಾತಾಡುವುದಿಲ್ಲ.